ಬೀಗ ಹಾಕಿದ ಜಾಲ

"ಗುರುಗಳೇ, ನಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ವೈಫೈ ಇವೆ. ಒಂದು ಯಾರು ಬೇಕಾದರೂ ಸೇರಬಹುದಾದ ತೆರೆದ ಜಾಲ. ಇನ್ನೊಂದು ಅವರವರ ಪಾಸ್‌ವರ್ಡ್ ಕೇಳುವ, ಬೀಗ ಹಾಕಿದ ಜಾಲ. ಬೀಗದ್ದನ್ನೇ ಆರಿಸಿಕೊಂಡವನಿಗೆ ಇನ್ನೇನು ಭಯ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಸಂಶೋಧಕಿ ಇದ್ದಳು. ಗೋಡಂಬಿ ಕಾರ್ಖಾನೆಯ ಹೆಂಗಸರ ಬದುಕಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಬೀಜ ಸುಲಿದು ಸುಲಿದು ಕೈ ಕಪ್ಪಾಗಿದ್ದ ಒಬ್ಬ ಹೆಂಗಸು, ಬಹಳ ಹಿಂದೆಮುಂದೆ ನೋಡಿ, ಕೊನೆಗೆ ಮಾಲೀಕ ಕೊಡುವ ಕಾಟವನ್ನೆಲ್ಲ ಅವಳಿಗೆ ಹೇಳಿದಳು. ಸಂಶೋಧಕಿ ಅದನ್ನು ಧ್ವನಿಮುದ್ರಣ ಮಾಡಿಕೊಂಡಳು.

"ನೀನು, ನಿನ್ನ ಮೇಷ್ಟ್ರು ಬಿಟ್ಟು ಮೂರನೆಯವರ ಕಿವಿಗೆ ಇದು ಬೀಳಬಾರದು ಮಗಳೇ. ಬಿದ್ದರೆ ನನಗೆ ಕೆಲಸವೂ ಇಲ್ಲ, ಮಾಲೀಕರು ಕೊಟ್ಟ ಮನೆಯೂ ಇಲ್ಲ," ಎಂದಳು ಹೆಂಗಸು. ಸಂಶೋಧಕಿ ಅವಳ ಕೈ ಹಿಡಿದು ಮಾತು ಕೊಟ್ಟಳು.

ಮಾತು ಕೊಟ್ಟದ್ದೇ ತಡ, ನೆಮ್ಮದಿ ಹೋಯಿತು. ಅವಳು ಕಾರ್ಖಾನೆಗೆ ಬಂದುಹೋದದ್ದು ಮಾಲೀಕನ ಕಣ್ಣಿಗೆ ಬಿದ್ದಿತ್ತು. ಯಾರಾದರೂ ಬೆನ್ನ ಹಿಂದೆ ನಿಂತರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು. ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಅಲ್ಲಿಯ ತೆರೆದ ಜಾಲದಲ್ಲಿ ಪಕ್ಕದಲ್ಲಿ ಕೂತವನೂ ಕದ್ದು ನೋಡಬಹುದೆಂದು ಯಾರೋ ಹೇಳಿದ್ದರು. ಅಂದಿನಿಂದ ಅದರ ತಂಟೆಗೇ ಹೋಗಲಿಲ್ಲ.

ಧ್ವನಿಮುದ್ರಣವನ್ನು ಮೇಷ್ಟ್ರಿಗೆ ಕಳಿಸುವ ದಿನ ಬಂತು. ಗ್ರಂಥಾಲಯದ ಮೂಲೆಯಲ್ಲಿ ಕೂತು ಬೀಗದ ಜಾಲವನ್ನು ಹುಡುಕಿದಳು. ಹೆಸರು ಅದೇ ಇತ್ತು, ಪಕ್ಕದಲ್ಲಿ ಬೀಗದ ಗುರುತೂ ಇತ್ತು. ಎದೆ ಹಗುರಾಯಿತು. ಒತ್ತಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಜಾಲ ನಡೆಸುವವರನ್ನು ನಂಬುತ್ತೀರಾ ಎಂದು ಕೇಳಿ, ಕೆಳಗೆ ಅವರ ಹೆಸರನ್ನೂ ಕೊಟ್ಟಿತ್ತು.

ಆ ವಿಶ್ವವಿದ್ಯಾಲಯದಲ್ಲಿ ಒಂದು ರೂಢಿ ಇತ್ತು. ಆ ಪ್ರಶ್ನೆ ಆಗಾಗ ಬಂದು ಕಾಡುತ್ತಿದ್ದುದರಿಂದ, ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ಮೊದಲ ದಿನವೇ ಪಾಠ ಮಾಡುತ್ತಿದ್ದರು: ಅದು ಏನೇ ಕೇಳಲಿ, ಹೌದು ಎಂದು ಒತ್ತಿ ಮುಂದೆ ಹೋಗು. ಸೋಮಾರಿತನಕ್ಕೂ ಗುರುಪರಂಪರೆ ಇರುತ್ತದೆ. ಅವಳು ಪ್ರಶ್ನೆಯನ್ನು ಓದಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಹೌದು ಎಂದು ಒತ್ತಿದಳು, ಪಾಸ್‌ವರ್ಡ್ ಕೊಟ್ಟಳು, ಕಳಿಸಿದಳು. ಆ ದಿನ ಹೊಟ್ಟೆ ತುಂಬ ಉಂಡಳು.

ಅದು ವಿಶ್ವವಿದ್ಯಾಲಯದ ಜಾಲವೇ ಆಗಿರಲಿಲ್ಲ; ಓದಿದ್ದರೆ, ನಡೆಸುವವರ ಹೆಸರು ಬೇರೆ ಯಾರದೋ ಎಂದು ಕಾಣುತ್ತಿತ್ತು. ಮಾಲೀಕನ ಕಡೆಯವನೊಬ್ಬ ಅವಳ ಹಿಂದೆಯೇ ಬಂದು, ಚೀಲದೊಳಗೆ ಪುಟ್ಟ ಯಂತ್ರವೊಂದನ್ನು ಇಟ್ಟುಕೊಂಡು, ಅದೇ ಹೆಸರಿನ ಜಾಲ ಹರಡಿ ಕೂತಿದ್ದ. ಅವಳ ಪಾಸ್‌ವರ್ಡ್ ಅವನಿಗೆ ಸಿಕ್ಕಿತು. ಅವಳ ಇಮೇಲ್ ತೆರೆಯುವುದೂ ಅದೇ ಪಾಸ್‌ವರ್ಡಿನಿಂದ. ಮೇಷ್ಟ್ರು ಕೇಳುವ ಮೊದಲೇ ಮಾಲೀಕ ಎಲ್ಲವನ್ನೂ ಕೇಳಿದ.

ಕೆಲವು ದಿನಗಳ ಮೇಲೆ ಸಂಶೋಧಕಿ ಆ ಹೆಂಗಸಿನ ಬೀದಿಗೆ ಹೋದಾಗ ಅವಳ ಪಾತ್ರೆಪಡಗಗಳು ರಸ್ತೆಯಲ್ಲಿ ಬಿದ್ದಿದ್ದವು. ಮನೆಗೆ ಬೇರೆಯವರು ಬಂದಾಗಿತ್ತು. ಹೆಂಗಸು ಬೈಯಲಿಲ್ಲ, ಅಳಲೂ ಇಲ್ಲ. "ನಿನ್ನನ್ನು ನಂಬಿ ಹೇಳಿದ್ದೆ," ಎಂದಷ್ಟೇ ಹೇಳಿ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು. ಸಂಶೋಧಕಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವಳು ಹೆಜ್ಜೆಹೆಜ್ಜೆಗೂ ಹೆದರಿ ನಡೆದವಳು. ತೆರೆದ ಜಾಲವನ್ನು ಮುಟ್ಟಲೇ ಇಲ್ಲ. ಅವಳದೇನು ತಪ್ಪು, ಗುರುಗಳೇ?"

"ಕಳ್ಳ ಬರುತ್ತಾನೆಂದು ಓಡಿ, ಒಂದು ಮನೆ ಹೊಕ್ಕು ಬಾಗಿಲು ಹಾಕಿಕೊಂಡಳು, ಮನೆ ಯಾರದೆಂದು ಕೇಳಲಿಲ್ಲ," ಎಂದರು ಗುರು.