ಮುಚ್ಚಳದ ಮೇಲೆ ಇಲ್ಲದ ಜೆಟ್ಟು

ಹೊಳೆ ದಂಡೆ ಮೇಲೊಂದು ಆಶ್ರಮ. ಆಶ್ರಮ ಅಂದ್ರೆ ಏನು, ಹೆಂಚಿನ ಒಂದು ಪಡಸಾಲೆ, ಪಕ್ಕದಲ್ಲಿ ಅಡುಗೆಮನೆ, ನೀರಿಗಿಳಿಯೋಕೆ ನಾಲ್ಕು ಕಲ್ಲು. ಅಷ್ಟೇ.

ಅಲ್ಲಿ ಪಾಠ ಹೇಳ್ತಿದ್ದೋರು ಮುಕ್ತಮ್ಮ. ತುಂಬ ವಯಸ್ಸಾಗಿತ್ತು. ಶಿಷ್ಯರೆಲ್ಲ ಅವ್ವ ಅಂತಲೇ ಕರೆಯೋರು.

ಅವ್ವನ ಕ್ರಮ ಒಂದೇ. ಬಂದೋರು ಏನು ತಂದ್ರೋ ಅದರಲ್ಲೇ ಪಾಠ. ತಂಬೂರಿ ತಂದೋರಿಗೆ ತಂಬೂರೀಲಿ, ಮಗ್ಗ ಬಲ್ಲೋರಿಗೆ ಮಗ್ಗದಲ್ಲಿ. ಒಬ್ಬ ಬರಿಗೈಲಿ ಬಂದಿದ್ದ. ಅವನಿಗೆ ಒಂದು ವರ್ಷ ಏನೂ ಹೇಳಿಕೊಡಲಿಲ್ಲ. ಎಲ್ಲರಿಗಿಂತ ಸಂತೋಷವಾಗಿ ಊರಿಗೆ ಹೋದೋನು ಅವನೇ ಅಂತೆ.

ಚೆಲುವರಾಜ, ವಾರಿಜ ಇಬ್ಬರೂ ಒಟ್ಟಿಗೇ ಬಂದ್ರು. ಒಂದೇ ಬೀದೀಲಿ ಬೆಳೆದ ಗೆಳೆಯರು. ಇಬ್ಬರ ಬಗಲಲ್ಲೂ ರಟ್ಟಿನ ಪೆಟ್ಟಿಗೆಗಳು.

"ಇದೇನ್ರಪ್ಪಾ?" ಅಂದ್ರು ಅವ್ವ.

"ಮಾಡೆಲ್ ವಿಮಾನದ ಕಿಟ್ಟು ಅವ್ವಾ," ಅಂದ ಚೆಲುವರಾಜ. "ನಿಜವಾದ ಜೆಟ್ ಇರುತ್ತಲ್ಲ, ಅದನ್ನೇ ಲೆಕ್ಕ ಹಾಕಿ ಕುಗ್ಗಿಸಿ, ಬಿಡಿಬಿಡಿಯಾಗಿ ಕೊಟ್ಟಿರ್ತಾರೆ. ನಾವು ಅಂಟಿಸಿ ಕಟ್ಟೋದು."

"ಕಟ್ಟಿದ್ಮೇಲೆ ಏನಾಗ್ತದೆ ಅಂತ ಮೊದಲೇ ಗೊತ್ತಿರ್ತದಾ?"

"ಮುಚ್ಚಳದ ಮೇಲೆ ಚಿತ್ರಾನೇ ಇದೆಯಲ್ಲ!"

ಅವ್ವ ಮುಚ್ಚಳಗಳನ್ನೆಲ್ಲ ಒಟ್ಟು ಮಾಡಿ ಒಳಗೆ ಒಲೆ ಹತ್ರ ಇಟ್ಟು ಬಂದ್ರು. ಬರುವಾಗ ಒಂದು ಮೊರ ತಂದ್ರು. ಇಬ್ಬರ ಪೆಟ್ಟಿಗೇನೂ ಒಂದೇ ಮೊರಕ್ಕೆ ಸುರಿದು, ಅಕ್ಕಿ ಕೇರೋ ಹಾಗೆ ಎರಡು ಸಲ ಕೇರಿದ್ರು. ರೆಕ್ಕೆ, ಬಾಲ, ಚಕ್ರ, ಮೂತಿ ಎಲ್ಲ ಕಲಸಿಹೋಯ್ತು.

"ಅಯ್ಯೋ ಅವ್ವಾ!" ಅಂತ ವಾರಿಜ ಕಿರುಚಿದ್ಲು.

"ಮುಚ್ಚಳದ ಮೇಲೆ ಇಲ್ಲದ್ದು ಕಟ್ಟಿ," ಅಂದ್ರು ಅವ್ವ. "ಇಬ್ಬರೂ ಸೇರಿ ಒಂದೇ."

"ಸೇರಲ್ಲ ಅವ್ವಾ ಅವು!" ಚೆಲುವರಾಜ ತಲೆ ಮೇಲೆ ಕೈ ಇಟ್ಕೊಂಡ. "ನನ್ನ ಕಿಟ್ಟಲ್ಲಿ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಅವಳದ್ರಲ್ಲಿ ನಲವತ್ತೆಂಟರಲ್ಲಿ ಒಂದು ಪಾಲು. ಅವಳದ್ದು ದೊಡ್ಡದು, ನಂದು ಸಣ್ಣದು. ಸ್ಕೇಲೇ ಬೇರೆ."

"ದೊಡ್ಡದು ಸಣ್ಣದು ಸೇರದೇ ಇದ್ದಿದ್ರೆ ಹೊಳೆ ಆಗ್ತಿತ್ತೇನೋ? ಕೂತ್ಕೊಳ್ಳಿ."

ಕೂತ್ರು.

ಮೊದಮೊದಲು ಬರೀ ಪರದಾಟ. ಆಮೇಲೆ ಕೈ ತಾನೇ ಹುಡುಕೋಕೆ ಶುರು ಮಾಡ್ತು. ಒಂದು ಯುದ್ಧವಿಮಾನದ ಮೂತಿ, ಇನ್ನೊಂದರ ಹೊಟ್ಟೆ. ರೆಕ್ಕೆ ಕೆಳಗೆ ನೇತುಹಾಕೋ ಎಣ್ಣೆ ಟ್ಯಾಂಕನ್ನ ವಾರಿಜ ಉದ್ದಕ್ಕೆ ಸೀಳಿದ್ಲು. ಅದೇ ಎಂಜಿನ್ನಿನ ಬಾಯಿ ಆಯ್ತು. ಬಾಲಕ್ಕೆ ಅಂತ ಇದ್ದದ್ದನ್ನ ಚೆಲುವರಾಜ ತಿರುಗಿಸಿ ಮೂತಿ ಪಕ್ಕಕ್ಕೆ ಹಿಡಿದ. ಅದು ಅಲ್ಲೇ ಹುಟ್ಟಿದ ಹಾಗೆ ಕೂತ್ಕೊಳ್ತು.

ದೊಡ್ಡ ರೆಕ್ಕೆ ಸಣ್ಣ ಮೈಗೆ ಸೇರೋ ಕಡೆ ಒಂದು ಏರು ನಿಂತಿತ್ತು. ಅದಕ್ಕೆ ಪುಟ್ಟಿ ಮೆತ್ತಿದ್ರು, ಒಣಗಿಸಿದ್ರು, ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದ್ರು. ಮತ್ತೆ ಮೆತ್ತಿದ್ರು, ಮತ್ತೆ ಉಜ್ಜಿದ್ರು. ಅವನ ಕೈ ಸೋತಾಗ ಅವಳು, ಅವಳ ಕೈ ಸೋತಾಗ ಅವನು. ಕೊನೆಗೆ ಮೂರು ಕೋಟು ಬೂದಿ ಬಣ್ಣ ಹೊಡೆದ್ರು.

ಒಂದು ಬೆಳಿಗ್ಗೆ ಅದು ಪಡಸಾಲೆ ಮಧ್ಯೆ ತನ್ನ ಚಕ್ರದ ಮೇಲೆ ನಿಂತ್ಕೊಳ್ತು.

ನಾಲ್ಕು ರೆಕ್ಕೆ. ಕೊಕ್ಕರೆ ಕತ್ತಿನಂಥ ಮೂತಿ. ಬೆನ್ನ ಮೇಲೆ ಮೂರು ಎಂಜಿನ್ನು. ಯಾವ ದೇಶದೋರೂ ಮಾಡದ, ಯಾರೂ ಹಾರಿಸದ ಜೆಟ್ಟು. ಇಬ್ಬರೂ ನೋಡ್ತಾ ಕೂತ್ರು. ಇದನ್ನ ನಾವೇ ಮಾಡಿದ್ವಾ ಅಂತ ಚೆಲುವರಾಜನಿಗೆ ಒಳಗೊಳಗೇ ಭಯ ಆಯ್ತು.

ಉಳಿದಿದ್ದು ಪೈಲಟ್ಟನ್ನ ಕೂರಿಸೋದು ಒಂದೇ. ಜಗಳ ಬಂದದ್ದು ಅಲ್ಲೇ.

ಚೆಲುವರಾಜನ ಕಿಟ್ಟಿನ ಪೈಲಟ್ಟು ಕಿರುಬೆರಳ ಉಗುರಿಗಿಂತ ಒಂಚೂರು ಎತ್ತರ. ವಾರಿಜಳ ಪೈಲಟ್ಟು ಅದಕ್ಕೆ ಅಣ್ಣನ ಹಾಗಿದ್ದ. ಸೀಟು ಒಂದೇ.

"ನಿನ್ನ ಪೈಲಟ್ ಕೂತ್ರೆ ಕೂಸನ್ನ ಕುಕ್ಕೇಲಿ ಕೂರಿಸಿದಂಗೆ ಕಾಣ್ತದೆ ಕಣೋ," ಅಂದ್ಲು ವಾರಿಜ.

"ನಿಂದು ಕೂತ್ರೆ? ಮೂರು ಚಕ್ರದ ಸೈಕಲ್ ಮೇಲೆ ಬೀಗರು ಕೂತಂಗೆ!"

"ನೋಡೋಕೆ ಮುಖಾನಾದ್ರೂ ಇದೆ ಅವನಿಗೆ. ನಿನ್ನೋನಿಗೆ ಮೂಗೂ ಇಲ್ಲ."

ಮೊದಲು ನಗ್ತಾನೇ ಇದ್ರು. ಆಮೇಲೆ ನಗು ನಿಂತುಹೋಯ್ತು. ಯಾಕಂದ್ರೆ ಸಣ್ಣ ಪೈಲಟ್ ಕೂತ್ರೆ ಅವನ ಅಳತೆಗೆ ಜೆಟ್ಟು ದೊಡ್ಡದಾಗ್ತದೆ. ದೊಡ್ಡೋನು ಕೂತ್ರೆ ಜೆಟ್ಟು ಸಣ್ಣದಾಗ್ತದೆ. ಚೆಲುವರಾಜನ ಮನಸ್ಸಲ್ಲಿ ಇದ್ದದ್ದು ಒಂದು ಊರನ್ನೇ ಹೊತ್ತು ಹಾರೋ ಜೆಟ್ಟು. ವಾರಿಜಳ ಮನಸ್ಸಲ್ಲಿ ಇದ್ದದ್ದು ಒಬ್ಬಳೇ ಕೂತು ಮೋಡಕ್ಕೆ ಕೈ ಹಾಕೋ ಜೆಟ್ಟು. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಜೆಟ್ಟು ಕಟ್ತಾ ಇದ್ರು. ಅದು ಇಬ್ಬರಿಗೂ ಈಗ ಗೊತ್ತಾಯ್ತು.

"ಬಾಲ್ಯದಿಂದಲೂ ಹಿಂಗೇ ನೀನು," ಅಂದ ಚೆಲುವರಾಜ. "ಎಲ್ಲ ನಿಂಗೊಬ್ಬಳಿಗೇ ಬೇಕು."

"ನೀನು ಮಾತ್ರ ಊರಿಗೆಲ್ಲ ಯಜಮಾನ ಆಗ್ಬೇಕು."

ಅವನ ಮುಖ ಕೆಂಪಾಯ್ತು. ಬಟ್ಟೆ ಚೀಲಕ್ಕೆ ತುಂಬಿದ. ಸಣ್ಣ ಗರಗಸದ ಅಲಗು ತಗೊಂಡ. ಜೆಟ್ಟನ್ನ ಎತ್ಕೊಂಡು ಅವ್ವನ ಮುಂದೆ ತಂದಿಟ್ಟ. ವಾರಿಜ ಹಿಂದೇನೇ ಓಡಿ ಬಂದ್ಲು.

"ಅವ್ವಾ, ನನ್ನ ಪಾಲು ಕುಯ್ಕೊಂಡು ನಾನು ಊರಿಗೆ ಹೋಗ್ತೀನಿ. ಇನ್ನು ಇವಳ ಜೊತೆ ಮಾತಿಲ್ಲ, ಕತೆ ಇಲ್ಲ."

ಅವ್ವ ಅವರೆಕಾಯಿ ಸುಲೀತಾ ಇದ್ರು. ತಲೆ ಎತ್ತಲಿಲ್ಲ.

"ಕುಯ್ಯಪ್ಪಾ. ಎಲ್ಲಿಂದ ನಿಂದು?"

"ಇಲ್ಲಿಂದ," ಅಂತ ಬೆರಳಿಟ್ಟ.

"ಅದು ನಂದು ಕಣೋ!" ಅಂದ್ಲು ವಾರಿಜ. "ನಿಂದು ಇನ್ನೂ ಮುಂದೆ."

ಚೆಲುವರಾಜ ಬೆರಳನ್ನ ಮುಂದೆ ಸರಿಸಿದ. ಹಿಂದೆ ಸರಿಸಿದ. ಕಣ್ಣು ಮುಚ್ಚಿ ತಡವಿದ. ಸೇರಿಸಿದ ಜಾಗ ಎಲ್ಲೂ ಸಿಗಲಿಲ್ಲ. ನೀರೊಳಗಿನ ಕಲ್ಲಿನ ಹಾಗೆ ನುಣ್ಣಗಿತ್ತು. ಉಜ್ಜಿದ್ದು ಇವರಿಬ್ಬರ ಕೈಗಳೇ.

"ಸಿಗ್ತಾ?" ಅಂದ್ರು ಅವ್ವ.

"ಸಿಗ್ತಿಲ್ಲ. ಆದ್ರೂ ಸೀಟು ಒಂದೇ ಅಲ್ವಾ ಅವ್ವಾ? ಒಬ್ಬ ಕೂತ್ರೆ ಇನ್ನೊಬ್ಬ ಕೂರೋ ಹಾಗಿಲ್ಲ."

ಅವ್ವ ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ್ರು.

"ಮಲಗ್ರಿ ಇಬ್ರೂ. ಕೆನ್ನೆ ನೆಲಕ್ಕೆ ಹಚ್ಚಿ. ಆಕಡೆ ಒಬ್ರು, ಈಕಡೆ ಒಬ್ರು."

ಮಲಗಿದ್ರು. ಚೆಲುವರಾಜನ ಕಣ್ಣು ಜೆಟ್ಟಿನ ಚಕ್ರದ ಮಟ್ಟಕ್ಕೆ ಇಳೀತು.

ಅವ್ವ ಸಣ್ಣ ಪೈಲಟ್ಟನ್ನ ಸೀಟಲ್ಲಿ ಇಟ್ರು.

ಆಕಡೆಯಿಂದ ವಾರಿಜ ಉಸಿರೆಳೆದದ್ದು ಇವನಿಗೆ ಕೇಳಿಸ್ತು. ಜೆಟ್ಟು ಬೆಳೆದಿತ್ತು. ರೆಕ್ಕೆ ಕೆಳಗೆ ಸಂತೆ ಹೂಡಬಹುದಿತ್ತು. ಎಂಜಿನ್ನಿನ ಬಾಯೊಳಗೆ ಎತ್ತಿನ ಗಾಡಿ ತಿರುಗಿಸಬಹುದಿತ್ತು. ಅಲ್ಲಿ ಮೇಲೆ, ಬೆಟ್ಟದ ತುದೀಲಿ, ಒಬ್ಬ ಕಂಡೂ ಕಾಣದ ಹಾಗೆ ಕೂತಿದ್ದ.

"ಅಯ್ಯಪ್ಪಾ," ಅಂದ್ಲು ವಾರಿಜ. "ಊರೇ ಹಿಡಿಸ್ತದೆ ಕಣೋ ಇದ್ರಲ್ಲಿ."

ಅವ್ವ ಸಣ್ಣೋನನ್ನ ತೆಗೆದು ದೊಡ್ಡ ಪೈಲಟ್ಟನ್ನ ಇಟ್ರು.

ಜೆಟ್ಟು ಹತ್ತಿರ ಬಂತು. ಏಣಿ ಇಲ್ಲದೆ ಹತ್ತಬಹುದಾದಷ್ಟು ಹತ್ತಿರ. ಪೈಲಟ್ಟಿನ ತಲೆ ಒಂಚೂರು ಓರೆ ಇತ್ತು, ಯಾರೋ ಹೆಸರು ಹಿಡಿದು ಕರೆದ ಹಾಗೆ. ಚೆಲುವರಾಜನಿಗೆ ಜೀವಮಾನದಲ್ಲಿ ಮೊದಲ ಸಲ, ಯಾರನ್ನೂ ಕರ್ಕೊಳ್ಳದೆ, ತಾನೊಬ್ಬನೇ ಹತ್ತಿ ಕೂತ್ಕೊಂಡು ಹೋಗ್ಬೇಕು ಅನ್ನಿಸ್ತು.

"ಇದ್ರಲ್ಲಿ ಸುಳ್ಳು ಯಾವುದು?" ಅಂದ್ರು ಅವ್ವ.



"ಎರಡೂ ನಿಜ ಆದ್ರೆ ಇನ್ನೂ ಕಷ್ಟ ಅವ್ವಾ," ಅಂದ ಚೆಲುವರಾಜ ಮೆಲ್ಲಗೆ.

"ಹಂಗಾದ್ರೆ ಮೂರನೆಯೋರನ್ನ ಕರೆಯೋಣ. ಏಳಬೇಡಿ."

ಅವ್ವ ದೊಡ್ಡ ಪೈಲಟ್ಟನ್ನೂ ತೆಗೆದ್ರು. ಒಳಗೆ ಹೋಗಿ ಬೆರಳ ತುದೀಲಿ ಏನೋ ತಂದ್ರು. ಸಾಸಿವೆಯಷ್ಟು ಬೆಲ್ಲ. ಅದನ್ನ ಖಾಲಿ ಸೀಟಲ್ಲಿ ಇಟ್ಟು, ತಾವೂ ನೆಲಕ್ಕೆ ಕೂತ್ಕೊಂಡ್ರು.

ಏನೂ ಆಗಲಿಲ್ಲ. ಹೊಳೆ ಸದ್ದು. ಬಿಸಿಲು ಪಡಸಾಲೆ ಒಳಗೆ ಒಂದಿಷ್ಟು ಜರುಗಿತು.

ಆಮೇಲೆ ಕಂಬದ ಬುಡದಿಂದ ಒಂದು ಇರುವೆ ಹೊರಟು ಬಂತು.

ಚಕ್ರದ ಹತ್ರ ಬಂದು ನಿಂತ್ಕೊಳ್ತು. ಮೀಸೆ ಆಡಿಸ್ತು. ಚಕ್ರದ ಕಾಲು ಹಿಡಿದು ಹತ್ತೋಕೆ ಶುರು ಮಾಡ್ತು.

ಚೆಲುವರಾಜ ರೆಪ್ಪೆ ಬಡೀಲಿಲ್ಲ. ಇರುವೆ ರೆಕ್ಕೆ ಮೇಲೆ ಬಂತು. ಆ ರೆಕ್ಕೆಗೆ ಕೊನೆಯೇ ಇರಲಿಲ್ಲ. ಬೂದಿ ಬಣ್ಣದ ಬಯಲು, ಆಚೆ ಬಯಲು, ಅದರಾಚೆ ದಿಗಂತ. ರೆಕ್ಕೆಯಿಂದ ಮೈಗೆ ದಾಟಿತು. ದಾಟುವಾಗ ನಿಲ್ಲಲಿಲ್ಲ, ಯಾರನ್ನೂ ಕೇಳಲಿಲ್ಲ. ಬೆಟ್ಟಗಳಂಥ ಮೂರು ಎಂಜಿನ್ನನ್ನ ಹಿಂದೆ ಬಿಟ್ಟು ಮೂತಿ ಕಡೆ ನಡೀತು.

ಅಷ್ಟು ದೊಡ್ಡದನ್ನ ಚೆಲುವರಾಜ ಕನಸಲ್ಲೂ ಕಂಡಿರಲಿಲ್ಲ. ಆಕಡೆ ಚಕ್ರಗಳ ಮಧ್ಯದಿಂದ ವಾರಿಜಳ ಒಂದು ಕಣ್ಣು ಕಾಣ್ತಿತ್ತು. ಅದರಲ್ಲಿ ನೀರು ತುಂಬಿತ್ತು.

ಇರುವೆ ಸೀಟಿಗಿಳೀತು.

ಕೈಯಲ್ಲಿದ್ದ ಅಲಗು ಯಾವಾಗಲೋ ನೆಲಕ್ಕೆ ಬಿದ್ದಿತ್ತು. ಚೆಲುವರಾಜನಿಗೆ ಅದರ ಗ್ಯಾನವೇ ಇರಲಿಲ್ಲ.

"ವಾರಿಜಾ, ನೋಡ್ತಿದ್ದೀಯೇನೇ?" ಅಂದ.

"ಹ್ಞೂಂ ಕಣೋ."

"ಅವ್ವಾ," ಅಂತ ಪಿಸುಗುಟ್ಟಿದ. "ನಾವು ಕಟ್ಟಿದ್ದು ಎಷ್ಟು ದೊಡ್ಡದು?"

ಅವ್ವ ತುಟಿ ಮೇಲೆ ಬೆರಳಿಟ್ರು.

"ಮೆತ್ತಗೆ ಮಗಾ. ಇಬ್ರೂ ಒಂಚೂರು ಹಿಂದಕ್ಕೆ ಸರೀರಿ. ಅದು ಹೊರಡೋ ಹೊತ್ತು."