ಹೊನ್ನಜ್ಜಿಯ ಹರದಾರಿ

ಹೊಳೆಯ ಈಚೆ ಆಶ್ರಮ, ಅದರ ಪಕ್ಕಕ್ಕೇ ವೈದ್ಯರ ಮನೆ. ಆಚೆ ಆರು ಹಳ್ಳಿ. ನಡುವೆ ದೋಣಿಯಿಲ್ಲ.

ಶಿಷ್ಯ ಮಾಳಿಂಗನ ಅಕ್ಕ, ತುಂಬು ಬಸುರಿ, ಆಚೆ ದಡದಲ್ಲಿ ಕಾದು ಕಾದು ಅಲ್ಲೇ ಕಣ್ಣುಮುಚ್ಚಿದ್ದಳು.

ದೋಣಿಗೆ ಹಣ ಕೂಡಿಸಲು ಮಾಳಿಂಗ ನಡಿಗೆ ಹೊರಟ. ಊರೂರು ಸುತ್ತಿ ನಲವತ್ತು ಹರದಾರಿ. ಹರದಾರಿ ಅಂದರೆ ಮೂರು ಮೈಲಿ, ಬಿಸಿಲಲ್ಲಿ ಆರು. ಹಣ ಕೊಟ್ಟವರು ಒಂದು ಹರದಾರಿ ಆರಿಸಿಕೊಂಡು ಅವನ ಕೋಲಿಗೆ ದಾರ ಕಟ್ಟಬೇಕು. ಅಷ್ಟು ದೂರ ಅವನು ಅವರ ಹೆಸರಲ್ಲಿ ನಡೆಯಬೇಕು. ಇದು ಕರಾರು.

ಇಪ್ಪತ್ತು ದಿನಕ್ಕೆ ವಾಪಸ್ ಬಂದ. ಜೋಳಿಗೆ ತುಂಬಿತ್ತು. ಮುಖವಂತೂ ಮದುವೆ ಗಂಡಿನದು.

"ಗುರುಗಳೇ, ದೋಣಿ ಬಂತು ಅಂತಲೇ ತಿಳ್ಕೊಳ್ಳಿ!"

ಗುರು ಜೋಳಿಗೆ ನೋಡಲಿಲ್ಲ. ಕೋಲು ಇಸ್ಕೊಂಡರು.

"ಈ ಕಪ್ಪು ದಾರ ಯಾರದು?"

"ಕಮ್ಮಾರ ಈರಣ್ಣಂದು. ಬರೀ ಕಲ್ಲು. ಹೆಬ್ಬೆರಳಿನ ಉಗುರು ಅಲ್ಲೇ ಬಿಟ್ಟುಬಂದೆ."

"ಬಿಳೀದು?"

"ಮೇಷ್ಟರ ಹೆಂಡತೀದು. ನಾಯಿ ಅಟ್ಟಿಸ್ಕೊಂಡು ಬಂತು. ಆ ಹರದಾರಿ ಬೇಗ ಮುಗೀತು."

ಗುರು ನಕ್ಕರು. "ಹಸಿರು?"

"ಹೊನ್ನಜ್ಜೀದು. ಸೆರಗಿನ ಎಳೆ ಕಿತ್ತು ಕಟ್ಟಿದಳು. ಮಂಡಿ ಹೋಗಿದೆ, ಹೊಸಿಲು ದಾಟಿ ಒಂಬತ್ತು ವರ್ಷ ಆಯ್ತಂತೆ. ತವರಿನ ದಾರೀನೇ ಬೇಕು ಅಂದಳು."

"ಆ ದಾರೀಲಿ ಏನು ಕಂಡೆ?"

"ಎರಡು ಬಾಲ."

ಬಾಯಿಂದ ಜಾರಿಬಿಟ್ಟಿತ್ತು. ಮಾಳಿಂಗ ನಾಲಿಗೆ ಕಚ್ಚಿಕೊಂಡ.

"ಎತ್ತಿನದಾ?"

"ಹೂಂ... ಕಾಲು ಬಾತುಕೊಂಡಿತ್ತು. ಹುಲ್ಲಿನ ಗಾಡಿ ಸಿಕ್ತು. ಹತ್ತಿದೆ. ಮಲಗಿಬಿಟ್ಟೆ."

ಗುರು ಅವನನ್ನೇ ನೋಡಿದರು. ಈ ಹಣವೇ ಬೇಡ ಅಂದುಬಿಟ್ಟರೆ? ಮಾಳಿಂಗನ ಕಣ್ಣು ಆಚೆ ದಡಕ್ಕೆ ಹೋಯಿತು.

"ಒಂದೇ ಒಂದು ಹರದಾರಿ ಗುರುಗಳೇ! ಉಳಿದ ಮೂವತ್ತೊಂಬತ್ತೂ ನಡೆದಿದೀನಿ. ಬೇಕಾದ್ರೆ ಅಜ್ಜಿ ಕಾಸು ಅಜ್ಜಿಗೇ ಕೊಟ್ಟುಬರ್ತೀನಿ. ಅದಿಲ್ಲದಿದ್ರೂ ದೋಣಿ ಆಗುತ್ತೆ."

"ಆಗುತ್ತೆ."

"ತೇಲುತ್ತೆ ತಾನೇ?"

"ಚೆನ್ನಾಗಿ ತೇಲುತ್ತೆ."

"ಮತ್ಯಾಕೆ ಹಾಗೆ ನೋಡ್ತೀರಿ?"

ಗುರು ಕೋಲಿನಿಂದ ಹಸಿರು ಎಳೆ ಬಿಚ್ಚಿದರು. ಬಗ್ಗಿ, ಅವನ ಉಗುರಿಲ್ಲದ ಹೆಬ್ಬೆರಳಿಗೆ ಮೆಲ್ಲಗೆ ಕಟ್ಟಿದರು.

"ಒಂಬತ್ತು ವರ್ಷದ ಮೇಲೆ ಅಜ್ಜಿ ತವರಿಗೆ ಹೊರಟಿದಾಳೆ ಕಣೋ. ಇನ್ನೂ ಹೊಸಿಲಲ್ಲೇ ನಿಂತು ಕಾಯ್ತಿದಾಳೆ. ಹೋಗು, ಕರ್ಕೊಂಡು ಹೋಗು."