ಎರಡನೆಯ ಚಾಪೆ

ಕೆಂದೂಳಿಯ ಪರಮಪೂಜ್ಯ ಶ್ರೀ ನಿಜಲಿಂಗಮ್ಮ ತಾಯಿಯವರು ತಮ್ಮ ಜೀವಮಾನದಲ್ಲಿ ಮಠ ಕಟ್ಟಲಿಲ್ಲ, ಗದ್ದುಗೆ ಏರಲಿಲ್ಲ. ಊರ ಅಂಚಿನಲ್ಲಿ ನೂಲಿನ ಬಣ್ಣಗಾರರು ಬಿಟ್ಟುಹೋಗಿದ್ದ ಕಲ್ಲಿನ ಕೊಟ್ಟಿಗೆಯೇ ಅವರ ವಾಸ. ಒಂದು ಗೋಣಿತಟ್ಟೇ ಆಸನ. ಸುತ್ತಲಿನ ನೇಕಾರರು ಮಗ್ಗದಲ್ಲಿ ಹರಿದು ಗಂಟುಬಿದ್ದ ನೂಲನ್ನು ತಂದು ಅವರ ಮುಂದೆ ಸುರಿಯುತ್ತಿದ್ದರು. ತಾಯಿಯವರು ಬೆಳಗಿನಿಂದ ಬೈಗಿನವರೆಗೆ ಅದರ ಸಿಕ್ಕು ಬಿಡಿಸಿ, ಗುಡಿಗಳ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಮಾತು ಬಹಳ ಕಡಿಮೆ. ಎದುರಿಗೆ ಕುಳಿತವರು ಅಳಲಿ, ನಗಲಿ, ಆ ಬೆರಳುಗಳು ನಿಲ್ಲುತ್ತಿರಲಿಲ್ಲ. ಅವು ನಿಂತದ್ದನ್ನು ಕಂಡವರು ಒಂದೇ ಒಂದು ದಿನದ ಕಥೆ ಹೇಳುತ್ತಾರೆ. ಅದು ಮುರಿಗೆಪ್ಪನೆಂಬ ನೇಕಾರ ಬಂದ ದಿನ.

ಮುರಿಗೆಪ್ಪ ಸಾಧುಸಂತರೆಂದರೆ ಮೂಗು ಮುರಿಯುವ ಮನುಷ್ಯ. ಅವನ ತಂದೆ ರಾಚಪ್ಪ ಕುಪ್ಪಸದ ಖಣ ನೇಯುವುದರಲ್ಲಿ ಹೆಸರಾದವರು. ಮೂರು ಗುಂಡಿಮಗ್ಗ, ಒಂದು ಮನೆ ಮಾಡಿಟ್ಟಿದ್ದರು. ಮಗಳು ಸಾವಂತ್ರವ್ವ ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹದಿನಾಲ್ಕು ವರ್ಷ ಅಪ್ಪನ ಪಕ್ಕದ ಮಗ್ಗದಲ್ಲೇ ಕುಳಿತು ನೇಯ್ದಳು. “ಮುಂಚಿಬಾಗಿಲ ಕಡೆ ಮಗ್ಗದ ಕೋಣಿ ನನ್ನ ಮಗಳದು” ಎಂದು ರಾಚಪ್ಪನವರು ನಾಲ್ಕು ಜನರ ಮುಂದೆ ಎಷ್ಟೋ ಸಲ ಆಡಿದ್ದರು. ಆದರೆ ಅವರು ತೀರಿಕೊಂಡ ಮೇಲೆ ಮುರಿಗೆಪ್ಪ ಪೆಟ್ಟಿಗೆಯಿಂದ ಒಂದು ಪತ್ರ ತೆಗೆದ. ಮನೆ, ಮಗ್ಗ ಎಲ್ಲ ಮಗನಿಗೇ ಎಂದು ಅದರಲ್ಲಿತ್ತು. ಕೆಳಗೆ ತಂದೆಯ ಹೆಬ್ಬೆಟ್ಟು, ಮುರಿಗೆಪ್ಪನ ಇಬ್ಬರು ಗೆಳೆಯರ ಸಾಕ್ಷಿ.

ಸಾವಂತ್ರವ್ವ ಆ ಪತ್ರವನ್ನು ಬಹಳ ಹೊತ್ತು ನೋಡಿ ಒಂದೇ ಮಾತು ಹೇಳಿದಳು: “ಯಣ್ಣಾ, ಅಪ್ಪಗ ಸಹಿ ಮಾಡಾಕ ಬರತಿತ್ತಲ್ಲ?”

“ಕೈ ನಡಗತಿತ್ತು” ಎಂದ ಮುರಿಗೆಪ್ಪ.

ತಂಗಿಯ ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಇರುವಾಗ ಆ ಕೋಣೆಗೆ ಬೀಗ ಹಾಕಿದ. ಅವಳು ಸೋದರಮಾವನ ಮನೆ ಸೇರಿ ಕೋರ್ಟಿಗೆ ಹೋದಳು.

ತಂದೆಯನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಮುರಿಗೆಪ್ಪನ ಬಲಗೈ ತಣ್ಣಗಾಗಿತ್ತು. ಮೊದಮೊದಲು ಅದು ಶೀತವೆಂದುಕೊಂಡ. ಬಿಸಿನೀರಲ್ಲಿ ಅದ್ದಿದ, ಕೆಂಡದ ಮೇಲೆ ಹಿಡಿದ. ಚರ್ಮ ಸುಟ್ಟಿತೇ ಹೊರತು ಒಳಗಿನ ಚಳಿ ಹೋಗಲಿಲ್ಲ. ಮಜ್ಜಿಗೆ ಕೊಡಲು ಬಂದ ಹೆಂಡತಿ ಕಾಶವ್ವ ಆ ಕೈ ತಗುಲಿ, “ಯವ್ವಾ, ಹೆಣದ ಕೈ ಇದ್ದಂಗ ಐತ್ರಿ!” ಎಂದು ಹಿಂದೆ ಸರಿದಳು. ಆಮೇಲೆ ಹಿಡಿತ ತಿಳಿಯತೊಡಗಿತು. ನಾಲ್ಕು ಬೆರಳು ಮುಂಗೈ ಮೇಲೆ, ಒಂದು ಹೆಬ್ಬೆರಳು ಅಂಗೈ ಒಳಗೆ. ಲಾಳಿ ಎಸೆಯಹೋದರೆ ಯಾರೋ ಮೆಲ್ಲಗೆ ತಡೆದಂತೆ. ವೈದ್ಯರು ನಾಡಿ ನೋಡಿ, ಕೈಗೆ ಏನೂ ಆಗಿಲ್ಲವೆಂದರು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಓಣಿಯ ಹಿರಿಯನೊಬ್ಬ ಅವನನ್ನು ನಿಲ್ಲಿಸಿ ಕೇಳಿದ: “ಯಾಕೋ ಮುರಿಗೆಪ್ಪ, ಮುದುಕರನ್ನ ಕೈಹಿಡದು ಕರಕೊಂಡು ಹೊಂಟವರಂಗ ನಡೀತಿ?”

ಹೌದು, ತನ್ನ ಹೆಜ್ಜೆ ನಿಧಾನವಾಗಿದೆ, ಬಲಗೈ ಮೈಯಿಂದ ತುಸು ದೂರ ಸರಿದು ನಿಂತಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಬೇಗ ನಡೆಯಲು ನೋಡಿದ. ಆಗಲಿಲ್ಲ.

ವ್ಯಾಜ್ಯದಲ್ಲಿ ಅವನು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾದ ದಿನ ಬಂತು. ಹಿಂದಿನ ದಿನ ಕಾಶವ್ವ ಪಟ್ಟು ಹಿಡಿದಳು: “ನಾಳೆ ಆ ಕೈ ಎತ್ತಿ ಆಣಿ ಮಾಡವರು ನೀವು. ಮೊದಲ ಕೆಂದೂಳಿ ತಾಯಿ ಹತ್ರ ಹೋಗಿ ಬರ್ರಿ. ಇಲ್ಲಾಂದ್ರ ನಾ ಈ ಮನ್ಯಾಗ ಇರೂದಿಲ್ಲ.”

ಮಟಮಟ ಮಧ್ಯಾಹ್ನ ಅವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಒಳಗೆ ಐದಾರು ಭಕ್ತರಿದ್ದರು. ತಾಯಿಯವರು ತಲೆ ಎತ್ತದೆ, ಸೇವೆಯಲ್ಲಿದ್ದ ಮುದುಕಿ ಭರಮವ್ವನಿಗೆ ಹೇಳಿದರು: “ಎರಡು ಚಾಪಿ ಹಾಸವ್ವ.”

ಭರಮವ್ವ ಬಾಗಿಲ ಕಡೆ ನೋಡಿದಳು. ಒಬ್ಬನೇ ಇದ್ದ. ಆದರೂ ಹೇಳಿದಂತೆ ಎರಡು ಹಾಸಿದಳು.

“ನಾ ಒಬ್ಬನ ಬಂದೀನ್ರಿ” ಎಂದ ಮುರಿಗೆಪ್ಪ.

“ವಯಸ್ಸಾದವರು, ಬಿಸಲಾಗ ನಡದು ಬಂದಾರ. ಮೊದಲ ಅವರು ಕುಂದರಲಿ.”

ಅಷ್ಟು ಹೇಳುವುದರೊಳಗೆ ಮುರಿಗೆಪ್ಪನ ಬಲಗೈ ಕೆಳಕ್ಕೆ ಜಗ್ಗಿತು. ಮಂಡಿ ನೋವಿನವರು ಆಸರೆ ಹಿಡಿದು ಕೂರುವಾಗ ಜಗ್ಗುತ್ತದಲ್ಲ, ಹಾಗೆ. ಬಲಬದಿಯ ಚಾಪೆ ಕರಕರ ಎಂದು ನಡುವೆ ತಗ್ಗಿತು. ಕುಳಿತಿದ್ದ ಭಕ್ತರು ಸದ್ದಿಲ್ಲದೆ ಗೋಡೆಯ ಕಡೆ ಸರಿದರು. ಮುರಿಗೆಪ್ಪನೂ ಕುಳಿತ, ಕೂರದೆ ಬೇರೆ ದಾರಿಯಿರಲಿಲ್ಲ. ಆದರೂ ಗಡಸಾಗಿಯೇ ಮಾತಾಡಿದ: “ಹಿಂಗೆಲ್ಲ ಮಾಡಿ ಹೆದರಸಬ್ಯಾಡ್ರಿ. ನನಗ ಕೈ ಬ್ಯಾನಿ. ಔಷಧ ಇದ್ರ ಕೊಡ್ರಿ, ಹೋಗತೀನಿ.”

ಆಗ ತಾಯಿಯವರ ಬೆರಳುಗಳು ನಿಂತವು.

ಅವರು ಮುರಿಗೆಪ್ಪನನ್ನು ನೋಡಲಿಲ್ಲ. ಪಕ್ಕದ ಚಾಪೆಯನ್ನು ನೋಡಿದರು. ಸಣ್ಣ ದನಿಯಲ್ಲಿ ಆಡುವವರ ಮಾತು ಕೇಳಲು ವಾಲಿಸುವಂತೆ ತಲೆಯನ್ನು ತುಸು ವಾಲಿಸಿದರು. ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ ಅಂದರು:

“ನೀರು ಬೇಡಾಕತ್ತಾರ. ಎಷ್ಟು ದಿನದಿಂದ ಬೇಡಾಕತ್ತಾರೋ, ತಮ್ಮಾ?”

ತಂದೆ ಒಪ್ಪಿ ಹೆಬ್ಬೆಟ್ಟು ಒತ್ತಿದರೆಂದು ಮುರಿಗೆಪ್ಪ ಊರಿಗೆ ಹೇಳಿದ್ದ. ಹೆಬ್ಬೆಟ್ಟು ಒತ್ತಿಸುವಾಗ ಅಪ್ಪನ ಪ್ರಾಣ ಹೋಗಿತ್ತು, ಸತ್ತವರಿಗೆ ನೋವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜ ಇವೆರಡೂ ಅಲ್ಲ. ಆ ನಿಜ ಗೊತ್ತಿದ್ದವನು ಅವನೊಬ್ಬನೇ.

“ಯವ್ವಾ…” ಎಂದ. ಆ ಸದ್ದು ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. “ಅಪ್ಪಗ ಮನಿಯ ಸವಳು ನೀರು ಸೇರತಿರಲಿಲ್ಲ. ‘ಸಿಹಿಭಾವಿ ನೀರು ತಾರವ್ವ’ ಅಂದ. ತಂಗಿ ಕೊಡ ತಗೊಂಡು ಓಡಿದಳು. ಪತ್ರ ನನ್ನ ಕಿಸೆದಾಗ ಇತ್ತು. ಆಕಿ ಬರೂದ್ರಾಗ ಮುಗಸಬೇಕು ಅಂತ ಹೆಬ್ಬಟ್ಟಿಗೆ ಮಸಿ ಹಚ್ಚಿದೆ. ಆಗ ಕಣ್ಣು ತೆಗದ. ನನ್ನ ಕೈ ಗಟ್ಟಿ ಹಿಡಕೊಂಡು ‘ನೀರು’ ಅಂದ. ‘ಅದ ಸವಳು ನೀರ ಕೊಡೋ’ ಅಂದ. ಕೊಡ ಮೂಲ್ಯಾಗ ಇತ್ರಿ. ನಾನು… ಮೊದಲ ಪತ್ರ ಅಂತ ಅವನ ಹೆಬ್ಬಟ್ಟು ಒತ್ತಿದೆ. ಮಸಿ ಆರಲಿ ಅಂತ ಊದಕೋತ ಕುಂತೆ. ನೋಡೂದ್ರಾಗ ಉಸಿರು ನಿಂತಿತ್ತು. ಹಿಡಿದ ಬೆರಳು ಒಂದೊಂದ ಬಿಡಸಬೇಕಾತು.”

ತಾಯಿಯವರ ಸನ್ನೆಯಂತೆ ಭರಮವ್ವ ಹಿತ್ತಾಳೆ ಬಟ್ಟಲಲ್ಲಿ ನೀರು ತಂದು ಅವನ ಎಡಗೈಗೆ ಕೊಟ್ಟಳು.

“ಕುಡಸು” ಎಂದರು ತಾಯಿಯವರು.

ಅವನು ಬಟ್ಟಲನ್ನು, ಕುಳಿತ ಮನುಷ್ಯನ ಬಾಯಿ ಇರುವಷ್ಟು ಎತ್ತರಕ್ಕೆ, ಬರಿಯ ಗಾಳಿಯಲ್ಲಿ ಹಿಡಿದ. ನೀರು ಅಲುಗಿತು. ಅಂಚಿನಿಂದ ಒಂದು ಬೆರಳಷ್ಟು ಇಳಿಯಿತು. ನಿಂತಿತು, ಮುದುಕರು ಗುಟುಕಿನ ನಡುವೆ ದಮ್ಮು ತೆಗೆದುಕೊಳ್ಳುವಷ್ಟು ಹೊತ್ತು. ಮತ್ತೆ ಇಳಿಯಿತು. ಮತ್ತೆ ನಿಂತಿತು. ಗಂಟಲಲ್ಲಿ ನೀರಿಳಿಯುವ ಸದ್ದು ಕೊಟ್ಟಿಗೆಯಲ್ಲಿದ್ದವರೆಲ್ಲರಿಗೂ ಕೇಳಿಸಿತೆಂದು ಭರಮವ್ವ ಸಾಯುವವರೆಗೂ ಹೇಳುತ್ತಿದ್ದಳು. ಬಟ್ಟಲು ಬರಿದಾಯಿತು. ಚಾಪೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಮುರಿಗೆಪ್ಪನ ಬಲಗೈ ಮೇಲಿನ ಹಿಡಿತ ಕಿರುಬೆರಳಿನಿಂದ ಸಡಿಲವಾಗುತ್ತ ಬಂತು. ಕೊನೆಗೆ ಹೆಬ್ಬೆರಳೊಂದೇ ಉಳಿಯಿತು. ಅದು ಅಂಗೈ ನಡುವೆ ಒಮ್ಮೆ ಒತ್ತಿ, ಬಿಟ್ಟಿತು. ತಗ್ಗಿದ್ದ ಚಾಪೆ ಮೆಲ್ಲಗೆ ಮೇಲೆದ್ದಿತು.

ತಾಯಿಯವರು ನೂಲನ್ನು ಮತ್ತೆ ಕೈಗೆತ್ತಿಕೊಂಡರು. “ಅವರದು ಮುಗೀತು” ಎಂದರು. “ನಿಂದು ನಾಳೆ ಐತಿ.”

ಮರುದಿನ ಕಟಕಟೆಯಲ್ಲಿ ನಿಂತು ಮುರಿಗೆಪ್ಪ ಬಲಗೈ ಎತ್ತಿದ. “ಆ ಹೆಬ್ಬಟ್ಟು ಅಪ್ಪ ಒತ್ತಿದ್ದಲ್ಲರಿ. ನಾ ಹಿಡದು ಒತ್ತಿಸಿದ್ದು” ಎಂದು ಶುರುಮಾಡಿ, ಸವಳು ನೀರಿನ ಕೊಡದ ಸಂಗತಿಯವರೆಗೆ ಒಂದನ್ನೂ ಬಿಡದೆ ಹೇಳಿದ. ಅವನ ವಕೀಲರು ಎದ್ದವರು ಹಾಗೇ ಕುಳಿತರು.

ಹೊರಗೆ ಸಾವಂತ್ರವ್ವ ಅವನಿಗೆ ಅಡ್ಡವಾಗಿ ಬಂದಳು. ಉಗುಳುತ್ತಾಳೆ, ಶಪಿಸುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ.

“ಅವತ್ತ ಭಾವಿಯೊಳಗ ಹಗ್ಗ ಹರೀತಣ್ಣಾ” ಎಂದಳು ಅವಳು. “ಬ್ಯಾರೆ ಹಗ್ಗ ತರಾಕ ಓಣಿಗೆ ಓಡಿದೆ. ನಾ ತಡಾ ಮಾಡಿದ್ದಕ್ಕ ಅಪ್ಪ ಬಾಯಾರಿ ಹೋದ ಅಂತ ಎರಡು ವರ್ಷ ನಾ ಹೊಟ್ಟಿ ತುಂಬ ನೀರು ಕುಡದಿಲ್ಲ.”

ಮುರಿಗೆಪ್ಪ ಅಲ್ಲೇ ನಿಂತು, ಕೊಟ್ಟಿಗೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಅವಳು ಅವನ ಅಂಗಿಯ ತೋಳು ಹಿಡಿದು ಕೇಳಿದಳು: “ಖರೇನ ಕುಡುದನೇನು?”

“ಕುಡುದ, ತಂಗಿ. ನಿಂತು ನಿಂತು, ಪೂರಾ ಕುಡುದ.”

ಸಾವಂತ್ರವ್ವ ನೆಲಕ್ಕೆ ಕುಸಿದು, ಅಪ್ಪ ಅಂದೇ ತೀರಿಕೊಂಡರೇನೋ ಎಂಬಂತೆ ಗೋಳೋ ಎಂದು ಅತ್ತಳು.

ಸುಳ್ಳು ಪತ್ರ ಮಾಡಿದ್ದಕ್ಕೆ ಮುರಿಗೆಪ್ಪನಿಗೆ ಮುಂದೆ ಆರು ತಿಂಗಳ ಸಜೆಯಾಯಿತು. ಹೋಗುವ ಮೊದಲು ಮಗ್ಗದ ಕೋಣೆಯ ಬೀಗ ತೆಗೆದು ಕೀಲಿಯನ್ನು ತಂಗಿಯ ಕೈಗೆ ಕೊಟ್ಟ. ಅವನು ಬರುವವರೆಗೆ ಕಾಶವ್ವನ ಒಲೆ ಉರಿದದ್ದು ಸಾವಂತ್ರವ್ವ ನೇಯ್ದ ಖಣಗಳಿಂದ. ಬಿಡುಗಡೆಯಾದ ಮೇಲೆ ಪ್ರತಿ ಸೋಮವಾರ ಅವನು ಕೆಂದೂಳಿಗೆ ನಡೆದು ಬಂದು ಕೊಟ್ಟಿಗೆಯ ಅಂಗಳ ಗುಡಿಸುತ್ತಿದ್ದ. ಹೊಸ ಭಕ್ತರು ಆ ದಿನದ ಪವಾಡವನ್ನು ಹೇಳೆಂದು ಕಾಡಿದರೆ ಕಸಬರಿಗೆ ಕೆಳಗಿಟ್ಟು ಹೇಳುತ್ತಿದ್ದ:

“ಬಟ್ಟಲ ನೀರಿನ ಮಾತು ಎಲ್ಲಾರೂ ಕೇಳತೀರಿ. ಮರುದಿನ ಬೆಳಿಗ್ಗೆ ನನ್ನಂಥವನ ಕಾಲು ಕೋರ್ಟಿನ ಮೆಟ್ಟಲ ಹತ್ತಿದವಲ್ಲ, ತಾಯಿ ಮಾಡಿದ ದೊಡ್ಡ ಪವಾಡ ಅದರಿ. ಅದನ್ನ ಯಾರೂ ಕೇಳೂದಿಲ್ಲ.”